ಕಂದಾಯ ಯಾರಿಗೆ, ಹಣಕಾಸು ಯಾರಿಗೆ?

ಮಡಿಕೇರಿಯಲ್ಲಿ ವಕೀಲನಾಗಿ ನಾನು ನೋಡುವುದು ಹೆಚ್ಚಾಗಿ ಜಮೀನಿನ ಕೇಸುಗಳು. ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು), ಬಾಣೆ (ಗದ್ದೆಯ ಜೊತೆ ಸೇರಿದ ಗುಡ್ಡದ ಜಾಗ), ಪಹಣಿ, ಪರಿಹಾರ, ಹೀಗೆ. ಹೊಸ ಸಂಪುಟ ಬಂದಾಗಲೆಲ್ಲ ಕಕ್ಷಿದಾರರು ಕೇಳುವುದು ಒಂದೇ ಮಾತು: "ಈ ಸಲ ನಮ್ಮ ಜಿಲ್ಲೆಗೆ ಮಂತ್ರಿ ಸ್ಥಾನ ಸಿಕ್ತಾ ಸಾರ್?" ಕೇಳುವುದು ಸಹಜ. 1956ರವರೆಗೆ ಕೊಡಗಿಗೆ ತನ್ನದೇ ವಿಧಾನಸಭೆ ಇತ್ತು, 24 ಸದಸ್ಯರಿದ್ದರು. ಈಗ 224 ಶಾಸಕರಲ್ಲಿ ನಮ್ಮವರು ಇಬ್ಬರು. ಆದರೆ ಸಮ್ಮಿಶ್ರ ಸರ್ಕಾರ ಬಂದಾಗ ಮೊದಲು ಕೇಳಬೇಕಾದದ್ದು ಬೇರೆ. ಕಂದಾಯ ಯಾವ ಪಕ್ಷಕ್ಕೆ ಹೋಯಿತು? ಹಣಕಾಸು ಯಾವ ಪಕ್ಷಕ್ಕೆ?

ಕಾನೂನು ಸರಳವಾಗಿದೆ. ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಮಂತ್ರಿಗಳನ್ನು ನೇಮಿಸುತ್ತಾರೆ. 2003ರ ತಿದ್ದುಪಡಿಯ ನಂತರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇ 15 ದಾಟುವಂತಿಲ್ಲ. ನಮ್ಮ ರಾಜ್ಯಕ್ಕೆ ಅದು ಮುಖ್ಯಮಂತ್ರಿಯೂ ಸೇರಿ 34. ಮೈತ್ರಿ ಒಪ್ಪಂದದ ಬಗ್ಗೆ ಸಂವಿಧಾನದಲ್ಲಿ ಒಂದು ಸಾಲೂ ಇಲ್ಲ. ಒಬ್ಬರು ಮಾತು ತಪ್ಪಿದರೆ ಇನ್ನೊಬ್ಬರು ಕೋರ್ಟಿಗೆ ಹೋಗುವ ಹಾಗಿಲ್ಲ. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳ ಅಧಿಕಾರ ಅಂತ ಮಾತಾಡಿಕೊಂಡಿದ್ದವು. 2007ರ ಅಕ್ಟೋಬರ್‌ನಲ್ಲಿ ಅದು ಮುರಿದುಬಿತ್ತು. ಬಿಜೆಪಿಗೆ ಇದ್ದ ದಾರಿ ಬೆಂಬಲ ವಾಪಸ್ ಪಡೆಯುವುದು ಮಾತ್ರ.

ಹಾಗಾಗಿ ಒಪ್ಪಂದದ ನಿಜವಾದ ಭದ್ರತೆ ಇರುವುದು ಖಾತೆಗಳಲ್ಲಿ. ಒಂದೇ ಪಕ್ಷದ ಸರ್ಕಾರವಾದರೆ ಮುಖ್ಯಮಂತ್ರಿ ಯಾರ ಖಾತೆಯನ್ನಾದರೂ ಬದಲಿಸಬಹುದು. ಮೈತ್ರಿಯಲ್ಲೂ ಕಾನೂನಿನ ಪ್ರಕಾರ ಬದಲಿಸಬಹುದು, ಆದರೆ ಬದಲಿಸಿದ ಮರುದಿನ ಸರ್ಕಾರವೇ ಇರಲಿಕ್ಕಿಲ್ಲ! ಯಾವ ಖಾತೆ ಯಾರಿಗೆ ಅಂತ ಹಂಚಲು ವಾರಗಟ್ಟಲೆ ಹಿಡಿಯುವುದು ಇದಕ್ಕೇ.

2018ನ್ನೇ ನೋಡಿ. ಮೇ 23ಕ್ಕೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ಕಾಂಗ್ರೆಸ್ಸಿಗೆ 22 ಸ್ಥಾನ, ಜೆಡಿಎಸ್‌ಗೆ 12 ಅಂತ ತೀರ್ಮಾನವಾಗಿತ್ತು. ಶಾಸಕರ ಸಂಖ್ಯೆಯಲ್ಲಿ ಚಿಕ್ಕ ಪಕ್ಷವಾದ ಜೆಡಿಎಸ್, ಮುಖ್ಯಮಂತ್ರಿ ಸ್ಥಾನದ ಜೊತೆ ಹಣಕಾಸು ಮತ್ತು ಲೋಕೋಪಯೋಗಿಯನ್ನೂ ಪಡೆಯಿತು. ಗೃಹ, ಕಂದಾಯ, ವಸತಿ, ಗ್ರಾಮೀಣಾಭಿವೃದ್ಧಿ ಕಾಂಗ್ರೆಸ್ಸಿಗೆ ಹೋದವು. ಜೂನ್ 6ರಂದು ಇನ್ನೂ 25 ಮಂದಿ ಸೇರಿದರು. ಉಳಿದ ಏಳು ಕುರ್ಚಿಗಳನ್ನು ಖಾಲಿ ಬಿಟ್ಟರು. ಅತೃಪ್ತರಿಗೆ ಆಸೆ ಉಳಿಯಲಿ ಅಂತ ಹೀಗೆ ಬಿಡುವುದು ಮೈತ್ರಿಯಲ್ಲಿ ಮಾಮೂಲು.

ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದವು. ಜೋಡುಪಾಲ, ಮಕ್ಕಂದೂರು ಕಡೆಯವರಿಗೆ ಆ ವಾರವನ್ನು ನೆನಪಿಸಬೇಕಾಗಿಲ್ಲ. ಮನೆ ಕಳೆದುಕೊಂಡ ಕುಟುಂಬಕ್ಕೆ ಮತ್ತೆ ಮನೆ ಸಿಗಬೇಕಾದರೆ ಏನೇನು ಆಗಬೇಕು? ಜಾಗ ಹುಡುಕಿ ಕೊಡುವುದು ಕಂದಾಯ. ಮನೆ ಕಟ್ಟಿಸುವುದು ವಸತಿ. ಊರಿನ ರಸ್ತೆ ಗ್ರಾಮೀಣಾಭಿವೃದ್ಧಿಯದು, ದೊಡ್ಡ ರಸ್ತೆ ಲೋಕೋಪಯೋಗಿಯದು. ಮಣ್ಣಲ್ಲಿ ಮುಚ್ಚಿಹೋದ ಏಲಕ್ಕಿ, ಮೆಣಸಿನ ಲೆಕ್ಕ ತೋಟಗಾರಿಕೆಗೆ ಬರುತ್ತದೆ. ಎಲ್ಲಕ್ಕೂ ಆರ್ಥಿಕ ಇಲಾಖೆ ಒಪ್ಪಬೇಕು. ಕಡತ ಒಂದು ಪಕ್ಷದ ಮಂತ್ರಿಯ ಮೇಜಿನಿಂದ ಇನ್ನೊಂದು ಪಕ್ಷದ ಮಂತ್ರಿಯ ಮೇಜಿಗೆ ಹೋಗಬೇಕು, ಮತ್ತೆ ಹಿಂದೆ ಬರಬೇಕು. ಯಾರೂ ಬೇಕೆಂದೇ ತಡೆಯದಿದ್ದರೂ ಪ್ರತಿ ದಾಟುವಿಕೆಗೆ ದಿನಗಳು ಹೋಗುತ್ತವೆ.

ಕೊಡಗಿಗೆ ಇನ್ನೊಂದು ತೊಡಕು ಜಾಸ್ತಿ. ಜಮ್ಮಾ ಜಮೀನಿನ ಪಹಣಿ ಹೆಚ್ಚಾಗಿ ಪಟ್ಟೆದಾರರ, ಅಂದರೆ ಮನೆತನದ ಮುಖ್ಯಸ್ಥರ ಹೆಸರಲ್ಲಿರುತ್ತದೆ. ಉಳುಮೆ ಮಾಡುವವರು, ತೋಟ ನೋಡಿಕೊಳ್ಳುವವರು ಒಕ್ಕದ (ಆ ಮನೆತನದ) ಬೇರೆ ಬೇರೆ ಸದಸ್ಯರು. ಪರಿಹಾರ ಯಾರ ಬ್ಯಾಂಕ್ ಖಾತೆಗೆ ಹಾಕುವುದು? ಇದಕ್ಕೆ ಮೇಲಿನಿಂದ ಸ್ಪಷ್ಟ ಆದೇಶ ಬೇಕು, ಮತ್ತು ಅದು ಕಂದಾಯ ಇಲಾಖೆಯಿಂದಲೇ ಬರಬೇಕು. ಇಲ್ಲಿನ ತಹಶೀಲ್ದಾರರು ಸ್ವಂತ ಧೈರ್ಯದಲ್ಲಿ ಮಾಡುವ ಕೆಲಸ ಅಲ್ಲ ಅದು.

ಆಗ ನಮ್ಮ ಎರಡೂ ವಿಧಾನಸಭಾ ಸ್ಥಾನ ಬಿಜೆಪಿಯ ಬಳಿ ಇದ್ದವು, ಅಂದರೆ ಮೈತ್ರಿಯ ಹೊರಗೆ. ಉಸ್ತುವಾರಿ ಸಚಿವರು ಕೆ.ಆರ್. ನಗರದ ಜೆಡಿಎಸ್ ಶಾಸಕ ಸಾ.ರಾ. ಮಹೇಶ್. ಉಸ್ತುವಾರಿ ಸಚಿವರು ಜಿಲ್ಲೆಯಲ್ಲಿ ಸಭೆ ಕರೆಯಬಹುದು, ಅಧಿಕಾರಿಗಳನ್ನು ಓಡಾಡಿಸಬಹುದು. ಬೇರೆ ಇಲಾಖೆಯ ಕಡತಕ್ಕೆ ಸಹಿ ಹಾಕಲು ಬರುವುದಿಲ್ಲ. ಆ ಇಲಾಖೆ ಬೇರೆ ಪಕ್ಷದ್ದಾದರೆ ಫೋನ್ ಮಾಡಿ ಒತ್ತಡ ಹಾಕುವುದೂ ಕಷ್ಟ, ಅಲ್ವಾ? ಇಂಥ ಜಗಳ, ಗಂಟುಗಳನ್ನು ಬಿಡಿಸಲು ಸಿದ್ದರಾಮಯ್ಯ ಅಧ್ಯಕ್ಷತೆಯ ಸಮನ್ವಯ ಸಮಿತಿ ಇತ್ತು ನಿಜ. ಆದರೆ ಅದೂ ಕಾನೂನಿನ ಸಂಸ್ಥೆಯಲ್ಲ, ಎರಡು ಪಕ್ಷಗಳು ಮಾಡಿಕೊಂಡ ಏರ್ಪಾಡು ಮಾತ್ರ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಬ್ಬರೇ ಶಾಸಕರಿರುವ ಜಿಲ್ಲೆ ಮಂತ್ರಿ ಸ್ಥಾನಕ್ಕಾಗಿ ಹೋರಾಡಿ ದಣಿಯಬಾರದು. ಕಂದಾಯ, ವಸತಿ ಎರಡೂ ಒಂದೇ ಪಕ್ಷದ ಕೈಯಲ್ಲಿರಲಿ, ವಿಪತ್ತು ಪರಿಹಾರದ ಹಣಕ್ಕೆ ಪದೇ ಪದೇ ಆರ್ಥಿಕ ಇಲಾಖೆಗೆ ಹೋಗುವುದು ತಪ್ಪಲಿ ಅಂತ ಕೇಳಬೇಕು. ಕುಮಾರಸ್ವಾಮಿ ಸರ್ಕಾರದಲ್ಲಿ ಮೊದಲನೆಯದು ಸಿಕ್ಕಿತ್ತು. ಎರಡನೆಯದನ್ನು ಮೈತ್ರಿ ಒಪ್ಪಂದದ ಹೊತ್ತಿಗೇ ಬರೆಸಿಕೊಳ್ಳಬೇಕು. ಪ್ರಮಾಣ ವಚನ ಮುಗಿದ ಮೇಲೆ ನಮ್ಮ ಮಾತು ಕೇಳುವವರು ಕಡಿಮೆ.

ಖಾಲಿ ಕುರ್ಚಿಗಳನ್ನು ತುಂಬುವ ಕೆಲಸ 2019ರ ಜೂನ್ 14ರವರೆಗೆ ನಡೆಯಿತು. 2019ರ ಜುಲೈ 23ಕ್ಕೆ ವಿಶ್ವಾಸಮತ ಸೋತು ಸರ್ಕಾರ ಬಿತ್ತು. ಯಡಿಯೂರಪ್ಪ ಜುಲೈ 26ಕ್ಕೆ ಮುಖ್ಯಮಂತ್ರಿಯಾದರು. ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಈ ನಡುವೆಯೇ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಜಾರಿ ಜನ ಸತ್ತರು. ಆ ದಿನ ರಾಜ್ಯದಲ್ಲಿ ಕಂದಾಯಕ್ಕೆ ಪ್ರತ್ಯೇಕ ಮಂತ್ರಿಯೇ ಇರಲಿಲ್ಲ.