ತೋಟೆಯ ಬುಡದ ಬಳೆ

ಕಳೆದ ತಿಂಗಳು ಪಕ್ಕದ ತೋಟದ ಮಾವ ಹಂದಿಗೆ ಹೊಡೆದ ಈಡಿನ ಖಾಲಿ ತೋಟೆಯೊಂದು, ಅಂದರೆ ಕಾರ್ಟ್ರಿಜ್, ನಮ್ಮ ಮನೆಗೆ ಬಂತು. ತಂದದ್ದು ಮಗ. ಅದರ ಬಾಯಿಗೆ ತುಟಿ ಇಟ್ಟು ಊದಿದರೆ ಸೀಟಿಯ ಹಾಗೆ ಕೂಗುತ್ತದೆ, ಅವನಿಗೆ ಬೇಕಾದದ್ದು ಅಷ್ಟೇ. ಸೀಸ ಅಂಟಿಕೊಂಡಿರುತ್ತದೆ, ಬಾಯಿಗೆ ಇಡಬೇಡ ಅಂತ ಕಿತ್ತುಕೊಂಡೆ. ಆಮೇಲೆ ಅದು ನನ್ನ ಮೇಜಿನ ಮೇಲೇ ಉಳಿಯಿತು, ನನ್ನ ತಲೆಯಲ್ಲೂ ಉಳಿಯಿತು.

ಕಾಸರಗೋಡಿನ ಮುಳ್ಳೇರಿಯ, ದೇಲಂಪಾಡಿ ಕಡೆಯವರಿಗೆ ಹಂದಿ ಕಾಟ ಏನು ಅಂತ ಹೇಳಬೇಕಾಗಿಲ್ಲ. ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್, ಕನ್ನಡದಲ್ಲಿ ಕೋವಿ, ಹೆಸರು ಯಾವುದಾದರೂ ಇರಲಿ, 2022ರಿಂದ ಕೇರಳದಲ್ಲಿ ಪಂಚಾಯತಿನವರೇ ಹಂದಿ ಹೊಡೆಯಲು ಅಪ್ಪಣೆ ಕೊಡಬಹುದು, ಲೈಸೆನ್ಸ್ ಇದ್ದವರು ಹೊಡೆಯಬಹುದು. ಉಳಿದ ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಕಡಿವಾಣ ಹಾಕಿತು, 1991ರ ತಿದ್ದುಪಡಿಯೊಂದಿಗೆ ಅದರ ಕಥೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಹಾಗಾಗಿ ನಾನೀಗ ಹೇಳಹೊರಟ ಆನೆ ಹೊಡೆಯುವ ಜೋಡುನಳಿಗೆ ರೈಫಲು ನಮ್ಮಲ್ಲಿ ಹಳೆಯ ಸಾಮಾನು. ಆಫ್ರಿಕದ ಕೆಲವು ದೇಶಗಳಲ್ಲಿ ಮಾತ್ರ ಅದು ಇನ್ನೂ ಕಾಡಿಗೆ ಹೋಗುತ್ತದೆ. ಆದರೆ ಅದರ ಒಳಗಿನ ವಿಜ್ಞಾನ ಮಾವನ ತೋಟೆಯ ಬುಡದಲ್ಲೇ ಕೂತಿದೆ.

ಬುಡ ನೋಡಿ. ಹಿತ್ತಾಳೆಯ ಟೊಪ್ಪಿ, ಅದರ ಸುತ್ತ ಹೊರಗೆ ಚಾಚಿದ ತೆಳ್ಳಗಿನ ಬಳೆ. ಬಾವಿಯಿಂದ ನೀರು ಸೇದುವ ಕೊಡಪಾನದ ಬಾಯಂಚು ನೆನಪು ಮಾಡಿಕೊಳ್ಳಿ. ಆ ಅಂಚು ಇಲ್ಲದಿದ್ದರೆ ಹಗ್ಗದ ಕುಣಿಕೆ ಜಾರಿ ಕೊಡಪಾನ ಬಾವಿ ಪಾಲಾಗುತ್ತದೆ, ಅಲ್ವಾ? ಇಲ್ಲಿಯೂ ಅದೇ ಕೆಲಸ. ಕೋವಿಯನ್ನು ಮಡಚಿದಾಗ ಒಳಗಿನ ಒಂದು ತುಂಡು ಕಬ್ಬಿಣ ಈ ಬಳೆಯನ್ನು ಅಡಿಯಿಂದ ಎತ್ತುತ್ತದೆ, ತೋಟೆ ಹೊರಗೆ ಬರುತ್ತದೆ. ಬಳೆಗೆ ಇನ್ನೊಂದು ಕೆಲಸವೂ ಇದೆ. ತೋಟೆ ನಳಿಗೆಯ ಒಳಗೆ ಎಷ್ಟು ಹೋಗಬೇಕೋ ಅಷ್ಟೇ ಹೋಗಿ ನಿಲ್ಲುವುದು ಅದರಿಂದ. ಇಲ್ಲದಿದ್ದರೆ ಹಿಂದಿನ ಮೊಳೆ ಬಂದು ಮದ್ದಿಗೆ ಕಿಡಿ ಹಚ್ಚುವ ಕೇಪನ್ನು ಸರಿಯಾಗಿ ಬಡಿಯುವುದೇ ಇಲ್ಲ.

ಇದೇ ಬಳೆಯ ದೊಡ್ಡಣ್ಣ .470 ನೈಟ್ರೋ ಎಕ್ಸ್‌ಪ್ರೆಸ್ ಎಂಬ ತೋಟೆ. ಹೆಸರಿನ ಅಂಕಿ ಹೆಚ್ಚುಕಡಿಮೆ ಗುಂಡಿನ ದಪ್ಪ, ಇಂಚಿನಲ್ಲಿ. ತೋಟೆ ಇಡೀ ಹಿತ್ತಾಳೆಯದು, ಖಾಲಿ ಕೊಳವೆಯೇ ಸುಮಾರು 83 ಮಿಲಿಮೀಟರ್ ಉದ್ದ. ಅದರ ಗುಂಡಿನ ತೂಕ 500 ಗ್ರೇನ್, ಅಂದರೆ 32 ಗ್ರಾಂ. ತಮಾಷೆ ಏನೆಂದರೆ ಮಾವನ ಹನ್ನೆರಡು ಬೋರಿನ ತೋಟೆಯಲ್ಲಿ ಇರುವ ಚರೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ, 30 ಗ್ರಾಂ ಆಚೆ ಈಚೆ. ವ್ಯತ್ಯಾಸ ಇರುವುದು ವೇಗದಲ್ಲಿ. ಚರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಟರೆ ಈ ಗುಂಡು 655 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗ ಒಂದೂವರೆ ಪಟ್ಟಿಗೂ ಮಿಕ್ಕಿದರೆ ಶಕ್ತಿ ಅದರ ವರ್ಗದಂತೆ ಏರುತ್ತದೆ, ಹಾಗಾಗಿ ಪೆಟ್ಟು ಮೂರು ಪಟ್ಟಿನ ಹತ್ತಿರ. ಮೇಲಾಗಿ ಚರೆ ಚದುರುತ್ತದೆ, ಇದು ಒಂದೇ ಗಟ್ಟಿ ಗುಂಡಾಗಿ ಮೂಳೆಯನ್ನೂ ತೂರಿ ನೇರ ಹೋಗುತ್ತದೆ.

ಇಷ್ಟು ದಪ್ಪದ ತೋಟೆ ಯಾಕೆ ಬೇಕಾಯಿತು?

ಹಿಂದೆ ಕಪ್ಪು ಮದ್ದು ಮಾತ್ರ ಇದ್ದ ಕಾಲದಲ್ಲಿ ವೇಗವನ್ನು ಒಂದು ಮಿತಿಯಾಚೆ ಏರಿಸುವ ದಾರಿ ಇರಲಿಲ್ಲ. ಪೆಟ್ಟು ಜಾಸ್ತಿ ಬೇಕೆಂದರೆ ಗುಂಡನ್ನೇ ದಪ್ಪ ಮಾಡಬೇಕು. ಬೋರಿನ ಲೆಕ್ಕ ಗೊತ್ತಲ್ಲ, ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಹನ್ನೆರಡು ಉಂಡೆ ಆದರೆ ಅದು ಹನ್ನೆರಡು ಬೋರು. ಆನೆಗೆ ನಾಲ್ಕು ಬೋರು ಒಯ್ಯುತ್ತಿದ್ದರು, ಅಂದರೆ ಕಾಲು ಪೌಂಡಿನ ಉಂಡೆ. ಸ್ಯಾಮುಯೆಲ್ ಬೇಕರ್ ಎಂಬ ಬೇಟೆಗಾರನ ಹತ್ತಿರ ಅರ್ಧ ಪೌಂಡು ಎಸೆಯುವ ಕೋವಿಯೇ ಇತ್ತು, ಅದಕ್ಕೆ ಅವನು ಇಟ್ಟ ಹೆಸರು 'ಬೇಬಿ'. 1889ರಲ್ಲಿ ಅಬೆಲ್ ಮತ್ತು ಡ್ಯೂವರ್ ಸೇರಿ ಕಾರ್ಡೈಟ್ ಮಾಡಿದರು. ನೈಟ್ರೋಗ್ಲಿಸರಿನ್, ಮದ್ದುಹತ್ತಿ, ಜತೆಗೆ ಸ್ವಲ್ಪ ವ್ಯಾಸಲಿನ್. ಹೌದು, ತುಟಿಗೆ ಹಚ್ಚುವ ಅದೇ ವ್ಯಾಸಲಿನ್! ನೋಡಲು ಶ್ಯಾವಿಗೆ ಎಳೆಯ ಹಾಗೆ ಇರುತ್ತಿತ್ತು. 1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಕಂಪನಿಯವರು ಕಪ್ಪು ಮದ್ದಿನ ಕಾಲದ ಉದ್ದನೆಯ .450 ತೋಟೆಗೇ ಈ ಹೊಸ ಮದ್ದು ತುಂಬಿದರು. ನೈಟ್ರೋ ಎಕ್ಸ್‌ಪ್ರೆಸ್ ವಂಶ ಶುರುವಾದದ್ದು ಅಲ್ಲಿಂದ.

ಅಂದರೆ ಕೊಳವೆ ಹಳೆಯದು, ಬಳೆಯೂ ಹಳೆಯದು, ಒಳಗಿನದು ಮಾತ್ರ ಹೊಸದು. ಕೊಳವೆ ಇಷ್ಟು ದೊಡ್ಡದಾಗಿ ಉಳಿದದ್ದು ಯಾರದೋ ಮಹಾ ಬುದ್ಧಿವಂತಿಕೆಯಿಂದ ಅಲ್ಲ, ಬಹುಪಾಲು ಅಜ್ಜನ ಆಸ್ತಿ ಮೊಮ್ಮಗನಿಗೆ ಬಂದ ಹಾಗೆ ಬಂದದ್ದು. ಆದರೆ ಆ ಹಳೆಯ ಆಸ್ತಿಯೇ ಬಿಸಿಲಿನ ದೇಶಗಳಲ್ಲಿ ಕೈಹಿಡಿಯಿತು.

ಮದ್ದು ಉರಿಯುವುದು ಒಂದು ರಾಸಾಯನಿಕ ಕ್ರಿಯೆ, ಮೊದಲೇ ಬಿಸಿಯಾಗಿದ್ದರೆ ಬೇಗ ಉರಿಯುತ್ತದೆ. ಏಪ್ರಿಲಿನಲ್ಲಿ ಅಡಿಕೆ ಒಣಗುವ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ನೋಡಿ, ಆ ಬಿಸಿಗೆ ತೋಟೆಯೂ ಕಾದಿರುತ್ತದೆ. ಕಾದ ಕಾರ್ಡೈಟ್ ಬೇಗ ಉರಿದರೆ ಅನಿಲ ಒಮ್ಮೆಲೇ ಹುಟ್ಟುತ್ತದೆ, ಒತ್ತಡ ಏರುತ್ತದೆ, ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ಎದುರಿಗೆ ಹಂದಿ ಇದ್ದರೆ ಮರ ಹತ್ತಬಹುದು, ಗಾಯಗೊಂಡ ಆನೆ ಇದ್ದರೆ?

ಕೊಳವೆ ದೊಡ್ಡದಿದ್ದರೆ ಅನಿಲಕ್ಕೆ ಜಾಗ ಇರುತ್ತದೆ, ಒತ್ತಡ ತಗ್ಗಿನಲ್ಲೇ ಉಳಿಯುತ್ತದೆ. .470ರ ಮಿತಿ 2700 ಬಾರ್. ಅಡುಗೆಮನೆಯ ಕುಕ್ಕರು ಸೀಟಿ ಹಾಕುವುದು ಸುಮಾರು 1 ಬಾರಿಗೆ, ಲೆಕ್ಕ ನೀವೇ ಹಾಕಿ. ಇದು ತಗ್ಗು ಹೇಗಾಯಿತು ಅಂತ ಕೇಳಬೇಡಿ, ಈಗಿನ ರೈಫಲುಗಳಲ್ಲಿ ಅದು 4000 ದಾಟುವುದು ಮಾಮೂಲು. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಂ ಹೆಚ್ಚುಕಡಿಮೆ .470ರಷ್ಟೇ ಶಕ್ತಿಯನ್ನು 63.5 ಮಿಲಿಮೀಟರಿನ ಗಿಡ್ಡ ಕೊಳವೆಯಲ್ಲಿ ತುರುಕುತ್ತದೆ, ತುರುಕಿದ್ದಕ್ಕೆ ಬೆಲೆಯನ್ನು ಒತ್ತಡದಲ್ಲಿ ಕೊಡುತ್ತದೆ. ಗಟ್ಟಿ ಬೋಲ್ಟ್, ಅಂದರೆ ನಳಿಗೆಯ ಹಿಂಬಾಯನ್ನು ಚಿಲಕದ ಹಾಗೆ ಮುಚ್ಚುವ ಕಬ್ಬಿಣ, ಇರುವ ರೈಫಲು ಅದನ್ನು ತಡೆದುಕೊಳ್ಳುತ್ತದೆ. ಜೋಡುನಳಿಗೆ ಹಾಗಲ್ಲ, ಅದು ಕೀಲಿನ ಮೇಲೆ ಮಡಚುವ ಬಾಗಿಲು. 2700 ಬಾರಿಗೇ ಆ ಬಾಗಿಲನ್ನು ತೋಟೆ ಹಿಂದಕ್ಕೆ ತಳ್ಳುವ ಬಲ ಟನ್‌ಗಟ್ಟಲೆ.

ಹಾಗಾದರೆ ಗಟ್ಟಿ ಬೋಲ್ಟ್ ರೈಫಲನ್ನೇ ಒಯ್ಯಬಹುದಲ್ಲ? ಎಷ್ಟೋ ಜನ ಒಯ್ದರು. ಬೆಲ್ ಎಂಬ ಸ್ಕಾಟ್‌ಲೆಂಡಿನವನು ಸಾವಿರಕ್ಕೂ ಮಿಕ್ಕಿ ಆನೆ ಹೊಡೆದ, ಅದರಲ್ಲಿ ಬಹುಪಾಲು 7 ಮಿಲಿಮೀಟರಿನಂಥ ಸಣ್ಣ ಗುಂಡಿನಲ್ಲಿ. ಓದಿದರೆ ಹೊಟ್ಟೆ ತೊಳಸುತ್ತದೆ, ಆದರೆ ಸತ್ಯ. ಆನೆಯ ಮೆದುಳು ಎಲ್ಲಿದೆ ಅಂತ ಅವನಿಗೆ ಎಲ್ಲ ಕೋನದಿಂದಲೂ ಗೊತ್ತಿತ್ತು. ಗೊತ್ತಿಲ್ಲದವರಿಗೆ, ಪೊದೆಯ ಒಳಗೆ ಹತ್ತು ಹೆಜ್ಜೆ ದೂರದಲ್ಲಿ ಪ್ರಾಣಿ ಎದ್ದರೆ, ಎರಡನೇ ಈಡು ತಕ್ಷಣ ಬೇಕು. ಜೋಡುನಳಿಗೆ ಅಂದರೆ ಒಂದೇ ಹಿಡಿಯಲ್ಲಿ ಎರಡು ಕೋವಿ. ಎರಡು ಮೊಳೆ, ಎರಡು ಟ್ರಿಗರ್. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ, ಬೋಲ್ಟ್ ಎಳೆಯುವ ಕೆಲಸವೂ ಇಲ್ಲ. ನರಭಕ್ಷಕ ಹುಲಿಗಳ ಹಿಂದೆ ಹೋದ ಜಿಮ್ ಕಾರ್ಬೆಟ್ ಹತ್ತಿರವೂ .450/400ರ ಜೋಡುನಳಿಗೆ ಇತ್ತು.

ಬೋಲ್ಟ್ ರೈಫಲಿಗೆ ಈ ಬಳೆ ಒಂದು ಕಿರಿಕಿರಿ. ತೋಟೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಬಳೆಗೆ ಬಳೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .375 ತಂದಾಗ ಎರಡು ರೂಪದಲ್ಲಿ ತಂದಿತು. ಬೋಲ್ಟಿನವರಿಗೆ ಬಳೆಯ ಬದಲು ಬುಡದ ಮೇಲೆ ಉಬ್ಬಿದ ಸೊಂಟಪಟ್ಟಿ ಕಟ್ಟಿದ್ದು, ಜೋಡುನಳಿಗೆಯವರಿಗೆ ಬಳೆ ತೊಟ್ಟದ್ದು. ಬಳೆಯದಕ್ಕೆ ಒತ್ತಡ ಸ್ವಲ್ಪ ಕಡಿಮೆ. ಬಳೆ ಇಲ್ಲದ ತೋಟೆಗೂ ಜೋಡುನಳಿಗೆ ಮಾಡುವವರಿದ್ದಾರೆ, ಆದರೆ ಆಗ ತೋಟೆಯ ಬುಡದ ಸುತ್ತ ಕೊರೆದ ಗೀರಿಗೆ ಸಿಕ್ಕಿಕೊಳ್ಳುವ ಸಣ್ಣ ಸ್ಪ್ರಿಂಗಿನ ಕೊಕ್ಕೆ ಬೇಕು. ಕಸ ಸೇರಿದರೆ, ತುಕ್ಕು ಹಿಡಿದರೆ ಆ ಕೊಕ್ಕೆ ಜಾರುತ್ತದೆ. ನಮ್ಮ ಮಳೆಗಾಲ ನೋಡಿದ ಯಾರೂ ಅದನ್ನು ನಂಬಲಿಕ್ಕಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಎರಡು ನಳಿಗೆ ಪಕ್ಕಪಕ್ಕ ಇವೆಯಲ್ಲ, ಅವು ಒಂದಕ್ಕೊಂದು ಸಮಾನಾಂತರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ತುದಿಗೆ ಬರುತ್ತಾ ಅವು ಒಂದರ ಕಡೆಗೊಂದು ವಾಲಿರುತ್ತವೆ, ಬೇಕೆಂದೇ. ಸೈಕಲಿನ ಬಲಗಡೆಯ ಹ್ಯಾಂಡಲನ್ನು ಮಾತ್ರ ನಿಮ್ಮ ಕಡೆಗೆ ಎಳೆಯಿರಿ, ಚಕ್ರ ಬಲಕ್ಕೆ ತಿರುಗುತ್ತದೆ. ಬಲ ನಳಿಗೆಯಲ್ಲಿ ಈಡು ಹಾರಿದಾಗಲೂ ಹಾಗೇ, ಹಿಂದಕ್ಕೆ ಒದೆಯುವ ಬಲ ನಡುಗೆರೆಯಿಂದ ಬಲಕ್ಕೆ ಇರುವುದರಿಂದ ಕೋವಿಯ ಮೂತಿ ಬಲಕ್ಕೂ ಮೇಲಕ್ಕೂ ಹೊರಳುತ್ತದೆ. ಗುಂಡು ನಳಿಗೆಯ ಒಳಗೆ ಇರುವುದು ಬರೀ 2 ಮಿಲಿಸೆಕೆಂಡಿನಷ್ಟು, ಆದರೆ ಅಷ್ಟರಲ್ಲೇ ಈ ಹೊರಳಾಟ ಶುರುವಾಗಿರುತ್ತದೆ. ಅದನ್ನು ಸರಿದೂಗಿಸಲು ಬಲ ನಳಿಗೆಯನ್ನು ಮೊದಲೇ ಸ್ವಲ್ಪ ಎಡಕ್ಕೆ, ಎಡ ನಳಿಗೆಯನ್ನು ಬಲಕ್ಕೆ ವಾಲಿಸಿ ಬೆಸುಗೆ ಹಾಕುತ್ತಾರೆ. ಎಷ್ಟು ವಾಲಿಸಬೇಕು? ಪುಸ್ತಕದ ಲೆಕ್ಕ ನಡೆಯುವುದಿಲ್ಲ. ಹೊಡೆದು ನೋಡುವುದು, ಮೂತಿಯ ಬೆಸುಗೆ ಕರಗಿಸುವುದು, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಬೆಸೆದು ಮತ್ತೆ ಹೊಡೆಯುವುದು. ಎರಡೂ ಗುಂಡು ಒಂದೇ ಕಡೆ ಬೀಳುವ ತನಕ ಇದೇ ಕೆಲಸ. ಮದ್ದಳೆಗೆ ಶ್ರುತಿ ಮಾಡಿದ ಹಾಗೆ.

ಶ್ರುತಿ ಮಾಡಿದ ಮೇಲೆ ಆ ಕೋವಿಗೆ ಅದೇ ತೂಕದ ಗುಂಡು, ಅದೇ ವೇಗ ಬೇಕು. ಮದ್ದು ಜೋರಾದರೆ ಗುಂಡು ಬೇಗ ಹೊರಬೀಳುತ್ತದೆ, ಮೂತಿ ಹೊರಳಲು ಸಮಯ ಸಿಗುವುದಿಲ್ಲ, ಎರಡು ಗುಂಡುಗಳ ದಾರಿ ಅಡ್ಡ ಹಾಯುತ್ತದೆ. ಮದ್ದು ನಿಧಾನವಾದರೆ ಎರಡೂ ದೂರ ದೂರ ಹೋಗುತ್ತವೆ. ಇಲ್ಲಿ ನಮ್ಮ ಬಿಸಿಲು ಮತ್ತೆ ಕೈಯಾಡಿಸುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಶ್ರುತಿ ಮಾಡಿದ ಕೋವಿ ಬಿಸಿಲ ನಾಡಿಗೆ ಬಂದರೆ ತೋಟೆ ಕಾದು ಅಪಸ್ವರ. ಅದಕ್ಕೆ ಉಷ್ಣ ದೇಶಕ್ಕೆಂದೇ ಕಾರ್ಡೈಟ್ ಸ್ವಲ್ಪ ಕಡಿಮೆ ತುಂಬಿದ ತೋಟೆ ಕಳಿಸುತ್ತಿದ್ದರು.

ಒದೆತದ ಬಗ್ಗೆ ಹೇಳದೆ ಹೋದರೆ ಮಾವ ಬೈಯುತ್ತಾರೆ. ಗುಂಡಿನದೂ ಅನಿಲದ್ದೂ ಸೇರಿಸಿ ಲೆಕ್ಕ ಹಾಕಿದರೆ 5 ಕಿಲೋದ ರೈಫಲು ಸೆಕೆಂಡಿಗೆ ಸುಮಾರು 5.4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. 5 ಕಿಲೋ ಅಕ್ಕಿ ಚೀಲವನ್ನು ಒಂದೂವರೆ ಮೀಟರ್ ಎತ್ತರದಿಂದ ಭುಜದ ಮೇಲೆ ಬಿಟ್ಟ ಹಾಗೆ. ಇದನ್ನು ಹೇಳಿದಾಗ ಮಾವ, "ಅಷ್ಟೇಯಾ? ನಾವು ಎಷ್ಟು ಮೂಟೆ ಹೊತ್ತಿಲ್ಲ" ಅಂದರು. ಹೊತ್ತದ್ದು ಬೇರೆ, ಬಿದ್ದದ್ದು ಬೇರೆ ಮಾವ ಅಂದೆ. ಒಪ್ಪಲಿಲ್ಲ. ಒದೆತಕ್ಕೆ ಬೆರಳು ಜಾರಿ ಎರಡನೇ ಟ್ರಿಗರಿಗೂ ತಗಲಿ ಎರಡೂ ನಳಿಗೆ ಒಟ್ಟಿಗೆ ಹಾರಿದ ಉದಾಹರಣೆಗಳೂ ಇವೆ ಅಂದದ್ದಕ್ಕೆ ಮಾತ್ರ ಸುಮ್ನೆ ತಲೆ ಆಡಿಸಿದರು.

ಕೊನೆಗೆ ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ. .450 ಚೆನ್ನಾಗೇ ಇದ್ದರೆ .470 ಯಾಕೆ ಬಂತು? ಎರಡರ ಶಕ್ತಿಯೂ ಬಹುತೇಕ ಒಂದೇ ತಾನೇ? ಒಂದೇ. ಕಾರಣ ವಿಜ್ಞಾನ ಅಲ್ಲ, ಭಯ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳು .450 ಅಳತೆಯವು. ಅವುಗಳಲ್ಲಿ ಎಷ್ಟೋ ಬಂಡಾಯಗಾರರ ಕೈ ಸೇರಿದ್ದವು. ಬೇಟೆಗಾರರ ಗುಂಡು ಅವುಗಳಿಗೆ ಸಿಕ್ಕೀತು ಅಂತ 20ನೇ ಶತಮಾನದ ಮೊದಲ ದಶಕದಲ್ಲಿ ಸರಕಾರ ಭಾರತ, ಸುಡಾನ್‌ಗಳಲ್ಲಿ .450 ಅಳತೆಯನ್ನೇ ನಿಲ್ಲಿಸಿತು. ಇಂಡಿಯಾದ ಗಿರಾಕಿ ಹೋದರೆ ಅಂಗಡಿ ಮುಚ್ಚಬೇಕು. ಕಂಪನಿಗಳವರು ಓಡಿಬಿದ್ದು .500/465, .470, .475 ಅಂತ ಕೂದಲೆಳೆ ವ್ಯತ್ಯಾಸದ ತೋಟೆಗಳನ್ನು ಹೆತ್ತರು. ಆಫ್ರಿಕದಲ್ಲಿ ಈಗಲೂ ಜೋಡುನಳಿಗೆ ಅಂದರೆ ಜನ ಮೊದಲು ನೆನೆಯುವ .470 ಹುಟ್ಟಿದ್ದೇ ನಮ್ಮ ದೇಶದ ಒಂದು ನಿಷೇಧದಿಂದ.

ಸೈನ್ಯದ ಅಳತೆಯ ತೋಟೆ ಜನರ ಕೈಗೆ ಸಿಗಬಾರದು ಎಂಬ ಆ ಯೋಚನೆ ಬ್ರಿಟಿಷರ ಜತೆ ಹಡಗು ಹತ್ತಲಿಲ್ಲ. ಸೈನ್ಯದ .303 ಇವತ್ತಿಗೂ ಸಾಮಾನ್ಯರಿಗೆ ನಿಷಿದ್ಧ ಬೋರು, ಲೈಸೆನ್ಸ್ ಇದ್ದವರಿಗೆ ಸಿಗುವುದು ಬಂಗಾಳದ ಇಚ್ಛಾಪುರದ ಸರಕಾರಿ ಕಾರ್ಖಾನೆಯ .315. ಅದು ಆಸ್ಟ್ರಿಯದ ಹಳೆಯ ಮಾನ್‌ಲಿಕರ್ ತೋಟೆಯ ಮರುಜನ್ಮ, ಅದರ ಬುಡದಲ್ಲೂ ಬಳೆ ಇದೆ. ಮಾವನಿಗೆ ಅದರ ಮೇಲೆ ಒಂದು ಕಣ್ಣು. ಅತ್ತೆಗೆ ಇಲ್ಲ. ಚುನಾವಣೆ ಬಂದಾಗಲೆಲ್ಲ ಇರುವ ಒಂದು ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಯಲ್ಲಿ ಇಟ್ಟು ಬರುವುದೇ ಸಾಕಾಗಿದೆ, ಇನ್ನೊಂದು ಯಾರು ಹೊರುವುದು ಅಂತ ಅವರ ಪ್ರಶ್ನೆ.