ಸಿಲಬಸ್ ನಮ್ಮ ಕೈಯಲ್ಲಿಲ್ಲದಿರುವಾಗ ಹೊಸತನ್ನು ತರುವುದು ಹೇಗೆ?

ಮಾಟುಂಗದಿಂದ ಡೊಂಬಿವಲಿಯವರೆಗಿನ ಕನ್ನಡಿಗ ಅಧ್ಯಾಪಕರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ನಮ್ಮದು ಮುಂಬಯಿ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜು. ಸಿಲಬಸ್ ಅಲ್ಲಿಂದ ಬರುವಾಗ ನಾವು ಹೊಸತೇನು ಮಾಡಲು ಸಾಧ್ಯ?" ಬಾಯಿಮಾತಿನಲ್ಲಿ ಹೇಳಿ ದಣಿದಿದ್ದೇನೆ, ಈಗ ಬರೆದೇ ಇಡುತ್ತೇನೆ.

ಸ್ವಾಯತ್ತ ಕಾಲೇಜು ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ರೂಪಿಸಿಕೊಳ್ಳಬಹುದು, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಸಂಯೋಜನೆಯ ಪದ್ಧತಿಯನ್ನೇ 15 ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡುವ ಗುರಿ ಇಟ್ಟುಕೊಂಡಿದೆ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೆಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ಏನನ್ನು ಕಲಿಸಬೇಕೆಂದು ಸಿಲಬಸ್ ಹೇಳುತ್ತದೆ. ಯಾವ ಉದಾಹರಣೆಯಿಂದ ಆರಂಭಿಸಬೇಕು, ಪ್ರಯೋಗಶಾಲೆಯ ಮೇಜಿನ ಮೇಲೆ ಏನಿಡಬೇಕು ಎಂಬುದನ್ನು ನಿಮಗೇ ಬಿಟ್ಟಿರುತ್ತದೆ.

ನಮ್ಮ ರಸಾಯನಶಾಸ್ತ್ರ ಪ್ರಯೋಗಗಳ ಪಟ್ಟಿಯಲ್ಲಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, ಅಳೆಯುವ ಪ್ರಯೋಗವಿತ್ತು. ಎಲ್ಲರಿಗೂ ಒಂದೇ ದ್ರಾವಣ ಕೊಡುತ್ತಿದ್ದುದರಿಂದ ಮಕ್ಕಳು ಹಿಂದಿನ ವರ್ಷದವರ ಜರ್ನಲ್ ನೋಡಿ ಅಂಕಿ ಬರೆದುಬಿಡುತ್ತಿದ್ದರು. ಒಂದು ಸೆಮಿಸ್ಟರ್, ಒಂದೇ ಬ್ಯಾಚಿಗೆ, ಅವರವರ ಮನೆಯ ನೀರನ್ನು ಬಾಟಲಿಯಲ್ಲಿ ತರಲು ಹೇಳಿದೆ. ಸೂಚಕ ಬೆರೆಸಿ ಕೆಂಪಾದ ನೀರಿಗೆ ಬ್ಯೂರೆಟ್ಟಿನಿಂದ, ಅಂದರೆ ಅಳತೆಯ ಗುರುತಿರುವ ಗಾಜಿನ ಕೊಳವೆಯಿಂದ, ರಾಸಾಯನಿಕವನ್ನು ಹನಿಹನಿಯಾಗಿ ಬಿಟ್ಟರೆ ಅದು ನೀಲಿಯಾಗುತ್ತದೆ; ನೀರು ಗಡಸಾದಷ್ಟೂ ರಾಸಾಯನಿಕ ಹೆಚ್ಚು ಬೇಕು. ನಳ್ಳಿಯ ನೀರು ತಂದವನ ಫ್ಲಾಸ್ಕಿನಲ್ಲಿ ಕೆಂಪು ಬೇಗನೆ ನೀಲಿಗೆ ತಿರುಗಿತು. ಬೋರ್‌ವೆಲ್ ನೀರು ತಂದವಳು ಬ್ಯೂರೆಟ್ಟನ್ನು ಎರಡನೆಯ ಸಲ ತುಂಬಿಸಬೇಕಾಯಿತು. ಏಕೆಂದು ಅವಳೇ ಕೇಳಿದಳು. ಸಿಲಬಸ್ಸಿನ ಒಂದಕ್ಷರವೂ ಬದಲಾಗಿರಲಿಲ್ಲ, ಕಾಲೇಜಿಗೆ ಬಿಡಿಗಾಸಿನ ಖರ್ಚೂ ಬರಲಿಲ್ಲ.

ಆದರೆ ಇದು ತಾನಾಗಿ ನಡೆದದ್ದಲ್ಲ. ಬಾಟಲಿಗಳಿಗೆ ಚೀಟಿ ಅಂಟಿಸಬೇಕೆಂದು ಲ್ಯಾಬ್ ಸಹಾಯಕರಿಗೆ ವಾರ ಮೊದಲೇ ತಿಳಿಸಿದ್ದೆ. ಎಷ್ಟು ಜನ ತಾವಾಗಿ ಪ್ರಶ್ನೆ ಕೇಳುತ್ತಾರೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೆ. ಕೈಕೊಟ್ಟರೆ ಮುಂದಿನ ಬ್ಯಾಚಿಗೆ ಹಳೆಯ ದ್ರಾವಣಕ್ಕೇ ಮರಳುವುದೆಂದು ವಿಭಾಗದಲ್ಲಿ ಒಪ್ಪಿಕೊಂಡಿದ್ದೆವು. ಹೊಸತನದ ನಿರ್ವಹಣೆ ಎಂಬ ದೊಡ್ಡ ಪದಕ್ಕೆ ತರಗತಿಯ ಮಟ್ಟದಲ್ಲಿ ಇಷ್ಟೇ ಅರ್ಥ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಇಂದು ಎಷ್ಟೋ ಕಾಲೇಜುಗಳಲ್ಲಿ ಪಾಠ ಮಾಡುವವರು ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು. ತರಗತಿಯಲ್ಲಿ ನಿಂತ ಗಂಟೆಗೆ ಹಣ ಸಿಗುತ್ತದೆ. ಹೊಸ ಪ್ರಯೋಗವನ್ನು ಯೋಚಿಸಿದ ಸಂಜೆಗೆ ಸಿಗುವುದಿಲ್ಲ. ಪ್ರಾಂಶುಪಾಲರು ಬೇರೇನನ್ನೂ ಕೊಳ್ಳುವ ಮೊದಲು ಆ ಸಂಜೆಗಳಿಗೆ ಬಜೆಟ್ಟಿನಲ್ಲಿ ಒಂದು ಸಾಲು ತೆಗೆದಿಡಲಿ.