ಮಾಡದೊಳಗಿನ ಕೆಂಪು ಗುಳಿಗೆ

ಶಹಾಪುರ ತಾಲ್ಲೂಕಿನ ಒಂದು ಹಳ್ಳಿ, ಐದು ತಿಂಗಳ ಬಸುರಿಯ ಮನೆ. ಹಿಮೋಗ್ಲೋಬಿನ್ 9 ಇತ್ತು; ಬಸುರಿಯಲ್ಲಿ ಅದು 11ಕ್ಕಿಂತ ಇಳಿದರೆ ರಕ್ತಹೀನತೆ ಎನ್ನುತ್ತೇವೆ. ತಾಯಿ ಕಾರ್ಡಿನಲ್ಲಿ ಕಬ್ಬಿಣಾಂಶದ ಗುಳಿಗೆ ಕೊಟ್ಟ ದಾಖಲೆ ಸರಿಯಾಗಿಯೇ ಇತ್ತು. ‘ಗುಳಗಿ ಎಲ್ಲಿ ಇಟ್ಟಿದಿ ಯವ್ವಾ?’ ಎಂದೆ. ಗೋಡೆಯ ಮಾಡದಲ್ಲಿದ್ದ ಡಬ್ಬಿ ಇಳಿಸಿ ಮುಂದಿಟ್ಟಳು. ಎರಡು ತಿಂಗಳ ಗುಳಿಗೆಯಲ್ಲಿ ಒಂದು ಪಟ್ಟಿ ಮಾತ್ರ ಅರ್ಧ ಖಾಲಿಯಾಗಿತ್ತು.

ಸಮುದಾಯ ವೈದ್ಯಶಾಸ್ತ್ರ ಓದಿ ಹೊಸದಾಗಿ ಯಾದಗಿರಿ ಕಡೆ ಬಂದಿದ್ದ ನನ್ನ ಹತ್ತಿರ ಇದಕ್ಕೆ ಒಂದೇ ಮದ್ದು ಇತ್ತು: ತಿಳಿವಳಿಕೆ ಹೇಳುವುದು. ರಕ್ತ ಕಡಿಮೆಯಾದರೆ ಏನಾಗುತ್ತದೆ ಗೊತ್ತೇ ಎಂದು ಶುರುಮಾಡಿದೆ. ಅವಳು ತಡೆಯದೆ ಹೇಳಿದಳು, ‘ಹಡಿಯೋ ಹೊತ್ತಿಗಿ ರಕ್ತ ಹೋದ್ರ ಜೀವಕ್ಕ ಕಷ್ಟ ಆಗ್ತದ್ರಿ ಡಾಕ್ಟರಮ್ಮೋರೆ. ಆಶಾ ಅಕ್ಕ ಹೇಳ್ಯಾಳ.’ ಎಲ್ಲ ಗೊತ್ತಿತ್ತು. ಆದರೂ ಡಬ್ಬಿ ತುಂಬಿತ್ತು.

ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ಹಳ್ಳವನ್ನು ವರ್ತನಾ ವಿಜ್ಞಾನ ಅಭ್ಯಾಸ ಮಾಡುತ್ತದೆ. ಮನುಷ್ಯರು ನಿರ್ಧಾರ ಮಾಡುವ ಬಗೆಯನ್ನು ಹುಡುಕಿದ್ದಕ್ಕೆ ಡೇನಿಯಲ್ ಕಾನೆಮನ್ ಅವರಿಗೆ 2002ರಲ್ಲಿ, ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಿದ್ಧಾಂತ ಹಾಗಿರಲಿ. ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟು: ‘ಯಾಕ ತಿಂದಿಲ್ಲ?’ ಎಂದರೆ ಬೈದಂತಾಗುತ್ತದೆ, ಎದುರಿನವಳು ತಲೆ ತಗ್ಗಿಸುತ್ತಾಳೆ. ‘ನಿನ್ನಿ ನಸುಕಿನಿಂದ ರಾತ್ರಿತನಕ ಏನೇನು ಮಾಡಿದಿ?’ ಎಂದು ಕೇಳಿ. ಗುಳಿಗೆ ಜಾರಿಬೀಳುವ ಜಾಗ ಅಲ್ಲಿ ಸಿಗುತ್ತದೆ.

ಹತ್ತಿ ಬಿಡಿಸುವ ಸುಗ್ಗಿ ಅದು. ನಸುಕಿಗೆ ಎದ್ದು ರೊಟ್ಟಿ ಬಡಿದು, ಖಾಲಿ ಹೊಟ್ಟೆಗೆ ಚಹಾ ಕುಡಿದು, ಅದರ ಜೋಡಿಯೇ ಗುಳಿಗೆ ನುಂಗಿ, ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಿದ್ದಳು. ಹೊಲ ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಹತ್ತಿ ಬಿಡಿಸಿದ್ದಕ್ಕೆ ಕೂಲಿ ಕಿಲೋ ಲೆಕ್ಕ. ವಾಂತಿ ಬಂದು ಬದುವಿನ ಮೇಲೆ ಕೂತರೆ ಆ ದಿನದ ದುಡ್ಡು ಹೋಯಿತು. ಅದರ ಮೇಲೆ ಮಲ ಕರ್ರಗಾಯಿತು. ಕಬ್ಬಿಣಾಂಶದ ಗುಳಿಗೆ ತಿಂದರೆ ಹಾಗೆ ಆಗುತ್ತದೆ, ಅಪಾಯವಿಲ್ಲ ಎಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಒಳಗೆ ಏನೋ ಸುಟ್ಟಿದೆ ಎಂದುಕೊಂಡಳು. ಅತ್ತೆಯ ಅಂಜಿಕೆ ಬೇರೆಯದು: ‘ಗುಳಗಿ ತಿಂದ್ರ ಕೂಸು ದಪ್ಪ ಆಗ್ತದ, ಹಡಿಯೋದು ತ್ರಾಸು.’ ದೊಡ್ಡ ಆಸ್ಪತ್ರೆ ದೂರವಿರುವ ಊರಿನಲ್ಲಿ ನಾಲ್ಕು ಹೆರಿಗೆ ಕಂಡ ಹೆಂಗಸಿನ ಮಾತು ಅದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಬಸುರಿಗೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 2018ರ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದ ಪ್ರಕಾರ ಬಸುರಿಯಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ದಿನಕ್ಕೊಂದು. ರಕ್ತಹೀನತೆ ಇದ್ದರೆ ಎರಡು. ನೋವಿನ ಗುಳಿಗೆ ನುಂಗಿದರೆ ತಾಸಿನೊಳಗೆ ಗುಣ ಕಾಣುತ್ತದೆ. ಕಬ್ಬಿಣಾಂಶದ ಗುಳಿಗೆಯ ತೊಂದರೆ ಇಂದೇ ಕಾಣುತ್ತದೆ, ಲಾಭ ತಿಂಗಳುಗಳ ಆಚೆ. ಇಂಥದ್ದನ್ನು ದಿನವೂ ತಪ್ಪದೆ ಮಾಡುವುದು ನನಗೂ ನಿಮಗೂ ಕಷ್ಟವೇ.

ಆ ದಿನ ನಾವು ಮಾಡಿದ್ದು ಸಣ್ಣ ಕೆಲಸ. ಡಬ್ಬಿಯನ್ನು ಮಾಡದಿಂದ ಇಳಿಸಿ ಪಟ್ಟಿಗಳನ್ನು ರೊಟ್ಟಿ ಬುಟ್ಟಿಯ ಪಕ್ಕ ಇಟ್ಟೆವು. ಒಂದು ಗುಳಿಗೆ ರಾತ್ರಿ ಉಂಡ ಮೇಲೆ, ಇನ್ನೊಂದು ಬುತ್ತಿಯ ಜೋಡಿ ಹೊಲಕ್ಕೆ. ಚಹಾದ ಜೋಡಿ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾದ್ದರಿಂದ ಚಹಾ ದೂರ, ಕ್ಯಾಲ್ಸಿಯಂ ಗುಳಿಗೆಯೂ ದೂರ. ರಾತ್ರಿಯ ಗುಳಿಗೆಯನ್ನು ಸೊಸೆಯ ಕೈಗೆ ಕೊಡುವುದು ಅತ್ತೆಯ ಪಾಲಿಗೆ ಬಂತು. ಅವರೊಡನೆ ಕೂಸಿನ ಗಾತ್ರದ ಬಗ್ಗೆ ವಾದ ಮಾಡಲಿಲ್ಲ. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳಲು ಮೈಯಲ್ಲಿ ರಕ್ತ ಇರಬೇಕಲ್ಲ ಎಂದೆ. ಊರಲ್ಲಿ ಹಾಗೆ ಸತ್ತವಳೊಬ್ಬಳ ಹೆಸರು ಅವರೇ ತೆಗೆದರು.

ಸರ್ಕಾರದ ಯೋಜನೆಗಳನ್ನೂ ಹೀಗೆಯೇ ನೋಡಬೇಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲೆಲ್ಲ ಶುರುವಾದ ಮಾತೃಪೂರ್ಣ ಬಸುರಿ–ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಟ್ಟಿತು, ಅಲ್ಲೇ ಗುಳಿಗೆ. ತುಂಬಿದ ಹೊಟ್ಟೆ, ಎದುರಿಗೊಬ್ಬರು, ಜೊತೆಗೆ ಉಣ್ಣುವ ಗೆಳತಿಯರು. ಗುಳಿಗೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಮಧ್ಯಾಹ್ನ ಹೊಲದಲ್ಲಿರುವವಳು ಊಟಕ್ಕಾಗಿ ಊರಿಗೆ ಬಂದು ಹೋಗುವುದು ಹೇಗೆ? ಅತಿ ಹೆಚ್ಚು ಬೇಕಾದವಳಿಗೇ ಅದು ದೂರವಾಯಿತು ಎಂಬುದು ನನ್ನ ಅನುಭವ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಮಕ್ಕಳ ಲಸಿಕೆಯ ಪ್ರಯೋಗವನ್ನು ತೊಗರಿಯ ಕಣಜವಾದ ಕಲಬುರಗಿ ಭಾಗದವರು ಖಂಡಿತ ಕೇಳಬೇಕು. ಏನೂ ಮಾಡದ ಊರುಗಳಲ್ಲಿ ಶೇ 6ರಷ್ಟು ಮಕ್ಕಳಿಗೆ ಎಲ್ಲ ಲಸಿಕೆ ಆಗಿತ್ತು. ತಿಂಗಳಿಗೊಮ್ಮೆ ತಪ್ಪದೆ ಊರಲ್ಲೇ ಶಿಬಿರ ನಡೆಸಿದಾಗ ಅದು ಶೇ 18ಕ್ಕೆ ಏರಿತು. ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಾಗ ಶೇ 39. ಬೇಳೆ ಕೊಟ್ಟರೂ ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕುವ ಖರ್ಚು ಇಳಿಯಿತು. ನರ್ಸ್ ಹೇಗೂ ದಿನವಿಡೀ ಕೂತಿರುತ್ತಾರೆ, ಬರುವ ಮಕ್ಕಳು ಹೆಚ್ಚಾದರು. ನನಗೆ ಬೇಳೆಗಿಂತ ದೊಡ್ಡದಾಗಿ ಕಾಣುವುದು ‘ತಪ್ಪದೆ’ ಎಂಬ ಮಾತು. ಕೂಲಿ ಬಿಟ್ಟು ಬಂದವಳಿಗೆ ಒಮ್ಮೆ ಉಪಕೇಂದ್ರದ ಬೀಗ ಕಂಡರೆ ಮುಂದಿನ ಗುರುವಾರ ಅವಳು ಬರುವುದಿಲ್ಲ. ಗುಳಿಗೆಯೇ ಸರಬರಾಜಾಗದ ತಿಂಗಳು ಯಾವ ಜಾಣ್ಮೆಯೂ ನಡೆಯದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಎಲ್ಲವೂ ಗುಳಿಗೆಯಿಂದ ಹೋಗುವುದಲ್ಲ. ಜಂತುಹುಳು, ಬಿ12 ಕೊರತೆ, ಹುಟ್ಟಿನಿಂದ ಬಂದ ರಕ್ತದ ಕಾಯಿಲೆಗಳೂ ಇರುತ್ತವೆ. ನಿಯಮಿತವಾಗಿ ತಿಂದೂ ಏರದಿದ್ದರೆ ಹುಡುಕಲೇಬೇಕು. ಇಷ್ಟು ಹೆಂಗಸರ ಬಗ್ಗೆ ಸಭೆಗಳಲ್ಲಿ ‘ಜನರಿಗೆ ಅರಿವಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಈಗ ನಾನು ಮನೆಗೆ ಹೋದರೆ ಕಾರ್ಡಿಗಿಂತ ಮೊದಲು ಡಬ್ಬಿ ನೋಡುತ್ತೇನೆ, ಕೊಟ್ಟದ್ದರ ಜೊತೆ ಉಳಿದದ್ದನ್ನೂ ವಹಿಯಲ್ಲಿ ಬರೆಸುತ್ತೇನೆ.

ಆ ಹುಡುಗಿಯದು ಚೊಚ್ಚಲು. ಏಳನೇ ತಿಂಗಳಿಗೆ ಕುಬಸ ಮಾಡಿ ತವರಿಗೆ ಕಳಿಸಿದರು. ಎಷ್ಟೋ ಬಸುರಿಯರ ಗುಳಿಗೆ ನಿಲ್ಲುವುದು ಅಲ್ಲೇ. ಊರು ಬದಲು, ಆಶಾ ಬದಲು. ಅತ್ತೆ ಹಸಿರು ಸೀರೆಯ ಗಂಟಿನಲ್ಲಿ ಪಟ್ಟಿಗಳನ್ನು ಇಟ್ಟು ಬೀಗತಿಗೆ ಹೇಳಿದರಂತೆ: ‘ರಾತ್ರಿ ಉಂಡ ಮ್ಯಾಲ ನೀವೇ ಕೈಯಾಗ ಕೊಡ್ರಿ. ಚಹಾದ ಜೋಡಿ ಬ್ಯಾಡ.’